ಹತ್ತು ಅಡಿಯ ತಗ್ಗು

ಜಮಖಂಡಿ, ಮುಧೋಳದ ಕಡೆ ಹೊಲದಲ್ಲಿ ತಗ್ಗು ತೋಡಿಸಲು ಈಗ ಯಾರೂ ಹೆಚ್ಚು ಯೋಚಿಸುವುದಿಲ್ಲ. ಜೆಸಿಬಿ ತಾಸಿನ ಲೆಕ್ಕಕ್ಕೆ ಸಿಗುತ್ತದೆ, ಮಣ್ಣು ಹೇರಲು ಟ್ರ್ಯಾಕ್ಟರ್ ಮನೆಯಲ್ಲೇ ಇರುತ್ತದೆ. ಎಷ್ಟು ಆಳ ಎಂಬುದನ್ನು ಡ್ರೈವರನೇ ಹೇಳಿಬಿಡುತ್ತಾನೆ: ಹತ್ತು ಅಡಿ. ತೋಟದ ಮನೆಯ ಪಕ್ಕ ಮಕ್ಕಳಿಗೆಂದು ಸ್ವಿಮ್ಮಿಂಗ್ ಪೂಲ್ ಮಾಡಿಸುವವರಿಗೂ ಅವನ ಉತ್ತರ ಅದೇ.

ಈ ಹತ್ತು ಅಡಿ ಬಂದದ್ದು ಕೃಷಿ ಹೊಂಡದಿಂದ. 2014-15ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡಗಳಿಗೆ 10×10 ಮೀಟರಿನಿಂದ 21×21 ಮೀಟರಿನವರೆಗೆ ಹಲವು ಅಳತೆಗಳಿದ್ದವು. ಉದ್ದಗಲ ಬದಲಾದರೂ ಆಳ ಎಲ್ಲಕ್ಕೂ 3 ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಖಾತ್ರಿಯಿಲ್ಲದ ಈ ಸೀಮೆಯಲ್ಲಿ ಬಿಸಿಲಿಗೆ ತೆರೆದ ನೀರಿನ ಹರವು ಕಡಿಮೆಯಾದಷ್ಟೂ ಆವಿಯಾಗಿ ಹೋಗುವುದು ಕಡಿಮೆ. ಆದ್ದರಿಂದ ಅಲ್ಲಿ ಆಳ ಬೇಕು. 12×12ರ ಹೊಂಡಕ್ಕೆ ಒಂದಕ್ಕೊಂದರ ಇಳಿಜಾರು ಬಿಟ್ಟರೆ ತಳದಲ್ಲಿ 6×6 ಉಳಿದು, ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಣಗುತ್ತಿರುವ ಬೆಳೆಯನ್ನು ಉಳಿಸಿಕೊಳ್ಳಲು ಅದು ದೊಡ್ಡ ಆಸರೆ. ನೀರು ಕೂಡಿಡುವ ಕೆಲಸವಾಗಿ ಕೃಷಿ ಹೊಂಡದ ಮೇಲೆ ನನ್ನ ತಕರಾರಿಲ್ಲ. ಅದೇ ಆಳವನ್ನು ಈಸುವ ಕೊಳಕ್ಕೂ ಎತ್ತಿ ತಂದದ್ದು ಮಾತ್ರ ಯೋಚನೆಯಿಲ್ಲದ ನಕಲು.

ಬೇಸಿಗೆ ಬಂದರೆ ಹುಡುಗರಿಗೆ ಹೊಂಡವೇ ಈಸುವ ಜಾಗ. ಅದರ ಒಳಮೈಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು, ಪಾಚಿ ಸೇರಿ ಎಷ್ಟು ಜಾರುತ್ತದೆಂದರೆ ಈಸು ಬಲ್ಲ ದೊಡ್ಡವರಿಗೂ ದಡ ಹತ್ತಲಾಗುವುದಿಲ್ಲ. ಹೊಂಡದಲ್ಲಿ ಮುಳುಗಿ ಸತ್ತವರ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಸುತ್ತ ತಂತಿಬೇಲಿ ಬೇಕೆಂಬ ಮಾತು ಯೋಜನೆಯೊಳಗೆ ಬಂತು, ಸರಿ. ಆದರೆ ಬೇಲಿ ಹೊರಗಿನವರನ್ನು ತಡೆಯುತ್ತದೆ. ಒಳಗೆ ಬಿದ್ದವನಿಗೆ ಬೇಕಾದದ್ದು ಹಗ್ಗ, ಏಣಿ, ಇಲ್ಲವೇ ಸಾಲಾಗಿ ಕಟ್ಟಿದ ಹಳೆಯ ಟೈರು. ಬೀಳಗಿಯ ಅರೆತ್ತಿನ ಬಾವಿಗೆ ಮೆಟ್ಟಿಲಿವೆ. ಈ ಸೀಮೆಯ ಹಳೆಯ ಬಾವಿ ಕಟ್ಟಿದವರು ಆಳಕ್ಕೆ ಹೋದಾಗಲೆಲ್ಲ ಇಳಿಯುವ, ಹತ್ತುವ ದಾರಿಯನ್ನು ಕಟ್ಟಡದೊಳಗೇ ಸೇರಿಸುತ್ತಿದ್ದರು. ನಮ್ಮ ಕಾಲದ ತಗ್ಗಿನಲ್ಲಿ ಕೈಬಿಟ್ಟುಹೋದದ್ದು ಅದೇ.

ಗುತ್ತಿಗೆದಾರನಿಲ್ಲದೆ ತಾನೇ ಮಾಡಿಕೊಳ್ಳುತ್ತೇನೆ ಎನ್ನುವವನನ್ನು ನೋಡಿ ನಾನು ನಗಲಾರೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈಬಗ್ಗಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ನಾಡು ಇದು. ಸ್ವಂತ ದುಡಿಮೆಯ ಧೈರ್ಯಕ್ಕೆ ಇಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಅಳತೆಯ ವಿಚಾರದಲ್ಲಿ. ಬನಹಟ್ಟಿ, ರಬಕವಿಯ ನೇಕಾರ ಕುಣಿಮಗ್ಗದ ಕುಣಿಯನ್ನು ತನ್ನ ಕಾಲಳತೆಗೆ ತೋಡುತ್ತಿದ್ದ. ಕೊಳವೂ ಹಾಗೆ, ಇಳಿಯುವವರ ಮೈಯಳತೆಗೆ ಆಗಬೇಕಾದದ್ದು. ಮನೆಯ ಕೊಳಕ್ಕೆ ಒಂದು ತುದಿಯಲ್ಲಿ ಮೂರು ಅಡಿ, ಇನ್ನೊಂದು ತುದಿಯಲ್ಲಿ ನಾಲ್ಕೂವರೆ ಅಡಿ ನೀರು ಸಾಕು. ತಳದ ಇಳಿಜಾರು ಹನ್ನೆರಡು ಅಡಿಗೆ ಒಂದಡಿಗಿಂತ ಕಡಿದಾಗಬಾರದು. ಇಷ್ಟು ನೀರಿಗೆ ತಲೆಕೆಳಗಾಗಿ ಧುಮುಕುವಂತಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. 8×4 ಮೀಟರಿನ ಕೊಳ ಈ ಆಳದಲ್ಲಿ ಸುಮಾರು 37 ಸಾವಿರ ಲೀಟರ್ ಕೇಳುತ್ತದೆ. ಅದನ್ನೇ ಮೂರು ಮೀಟರ್ ಇಳಿಸಿದರೆ 96 ಸಾವಿರ. ಹೆಚ್ಚಿನ ಅಷ್ಟೂ ನೀರನ್ನು ಬೇಸಿಗೆಯಲ್ಲಿ ತುಂಬಬೇಕು, ಶುದ್ಧವಾಗಿಡಬೇಕು. ಅದರಿಂದ ಈಸುವವನಿಗೆ ಏನೂ ಹೆಚ್ಚು ಸಿಗುವುದಿಲ್ಲ.

ನೀರಿನ ಆಳ ಬೇರೆ, ತೋಡುವ ಆಳ ಬೇರೆ. ಸ್ವಂತ ಕೆಲಸ ಹಿಡಿದವರು ಎಡವುವುದು ಬಹುಪಾಲು ಇಲ್ಲಿಯೇ. ನಾಲ್ಕೂವರೆ ಅಡಿ ನೀರು, ಮೇಲೆ ಅರ್ಧ ಅಡಿ ಖಾಲಿ ಅಂಚು, ಕೆಳಗೆ ಅರ್ಧ ಅಡಿ ಕಬ್ಬಿಣ ಕಟ್ಟಿದ ಕಾಂಕ್ರೀಟು, ಅದರಡಿ ನಾಲ್ಕು ಇಂಚು ಬೆಡ್ಡು ಸೇರಿಸಿದರೆ ಮಸಾರಿ ನೆಲದಲ್ಲೂ ಆರು ಅಡಿ ಹತ್ತಿರವಾಯಿತು. ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ಸುಣ್ಣದಕಲ್ಲಿನ ನೆಲ. ಅಲ್ಲಿ ಕೆಲವೇ ಅಡಿಗೆ ಬಂಡೆ ಸಿಕ್ಕಿ ಬಕೆಟ್ಟಿನ ಬದಲು ಬ್ರೇಕರ್ ಹಾಕಬೇಕಾದರೆ ಖರ್ಚಿನ ಲೆಕ್ಕವೆಲ್ಲ ತಲೆಕೆಳಗು.

ಕೃಷ್ಣಾ, ಘಟಪ್ರಭಾ ಬಯಲಿನ ಎರೆ ಇನ್ನೂ ಕಠಿಣ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ಕಾಂಕ್ರೀಟ್ ಗೋಡೆಯನ್ನು ವರ್ಷಕ್ಕೊಮ್ಮೆ ತಳ್ಳುತ್ತದೆ, ವರ್ಷಕ್ಕೊಮ್ಮೆ ಕೈಬಿಡುತ್ತದೆ. ಕಾಲುವೆಗಳೂ ಇದೇ ಕಾರಣಕ್ಕೆ ಒಡೆಯುತ್ತಿದ್ದವು. ಮುಂಬಯಿಯ ಐಐಟಿಯಲ್ಲಿದ್ದ ಆರ್.ಕೆ. ಕಟ್ಟಿಯವರು ಇದಕ್ಕೊಂದು ಉಪಾಯ ಹುಡುಕಿದರು: ಎರೆಗೂ ಕಾಂಕ್ರೀಟಿಗೂ ನಡುವೆ ಉಬ್ಬದ, ಆದರೆ ಒಂದಕ್ಕೊಂದು ಅಂಟಿಕೊಳ್ಳುವ ಗರಸಿನಂಥ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಹಾಕಿ ಧಮ್ಮಸ್ಸು ಮಾಡುವುದು. ಕೊಳಕ್ಕೂ ಇದನ್ನೇ ಅನ್ವಯಿಸಿದರೆ ಆರು ಅಡಿಯ ತಗ್ಗು ಒಂಬತ್ತು ಅಡಿಯಾಗುತ್ತದೆ. ವಿಚಿತ್ರವೆಂದರೆ ಡ್ರೈವರನ ಹತ್ತು ಅಡಿಯ ಹತ್ತಿರಕ್ಕೇ ನಾವೂ ಬಂದೆವು. ಆದರೆ ಅವನು ತೋಡಿದ ಆಳಕ್ಕೆಲ್ಲ ನೀರು ತುಂಬುತ್ತಾನೆ, ಇಲ್ಲಿ ಅದರ ಮೂರು ಅಡಿಯನ್ನು ಗರಸು ತುಂಬಿ ಮುಚ್ಚಬೇಕು. ದುಡ್ಡು ಉಳಿಸಲು ಹೊರಟವನು ಈ ಮೂರು ಅಡಿಯನ್ನೇ ಮೊದಲು ಕೈಬಿಡುತ್ತಾನೆ, ಏಕೆಂದರೆ ಕೆಲಸ ಮುಗಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಬ್ಬಿಗೆ ವರ್ಷವಿಡೀ ನೀರು ಹಾಯಿಸಿ ಸವಳು-ಜವಳಾದ ನೆಲದಲ್ಲಿ ತೊಂದರೆ ಕೆಳಗಿನಿಂದ ಬರುತ್ತದೆ. ಅರ್ಧ ಅಡಿ ದಪ್ಪದ ಕಾಂಕ್ರೀಟ್ ಹಾಸು ಚದರ ಮೀಟರಿಗೆ ಹೆಚ್ಚೆಂದರೆ 375 ಕೆಜಿ ತೂಗುತ್ತದೆ. ಹಾಸಿನ ತಳಮಟ್ಟಕ್ಕಿಂತ ಒಂದೂವರೆ ಅಡಿ ಮೇಲಕ್ಕೆ ಜಲ ಏರಿದರೆ ಅದು 450 ಕೆಜಿಯಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ಕೊಳ ತುಂಬಿರುವವರೆಗೆ ಚಿಂತೆಯಿಲ್ಲ. ತೊಳೆಯಲೆಂದು ಶ್ರಾವಣದಲ್ಲಿ ಖಾಲಿ ಮಾಡಿದರೆ ತಳ ಎದ್ದು ಬಿರಿಯಬಹುದು. ಇಂಥ ನೆಲದಲ್ಲಿ ಪೂರ್ತಿ ತೋಡುವ ಹಟವನ್ನೇ ಬಿಡುವುದು ಲೇಸು. ಎರಡು ಅಡಿ ನೆಲದೊಳಗೆ, ಉಳಿದದ್ದು ನೆಲದ ಮೇಲೆ ಕಟ್ಟಿ, ಸುತ್ತ ಕಟ್ಟೆ ಮಾಡಿದರೆ ಈಸುವವನಿಗೆ ಏನೂ ಕಡಿಮೆಯಾಗದು. ಚಂದ ಕಾಣದು ಎಂದು ಮನೆಯವರು ಮುಖ ಸಿಂಡರಿಸಿಯಾರು, ಅಷ್ಟೇ.

ತೋಡುವಾಗಿನ ಅಪಾಯದ ಬಗ್ಗೆ ಯಾರೂ ಮಾತಾಡುವುದಿಲ್ಲ. ಐದು ಅಡಿ ದಾಟಿದ ಮೇಲೆ ನೆಟ್ಟಗೆ ಕಡಿದ ದಡದ ಕೆಳಗೆ ಗೌಂಡಿಯನ್ನು ಇಳಿಸಬಾರದು. ಇಳಿಜಾರು ಬಿಡಬೇಕು, ಇಲ್ಲವೇ ಹಲಗೆ ಕೊಟ್ಟು ಆನಿಸಬೇಕು. ಎರೆಯ ದಡ ಬೇಸಿಗೆಯಲ್ಲಿ ಕಲ್ಲಿನಂತೆ ನಿಂತಿರುತ್ತದೆ, ಅದೇ ಮೋಸ. ಬಿರುಕಿನ ಜಾಡು ಹಿಡಿದು ಇಡೀ ಹೆಂಟೆ ಒಮ್ಮೆಲೇ ಕಳಚುತ್ತದೆ. ಮಸಾರಿಯಲ್ಲಿ 8×4ರ ಕೊಳಕ್ಕೇ ಸಡಿಲ ಮಣ್ಣು ಮೂವತ್ತು ಬ್ರಾಸು ದಾಟುತ್ತದೆ. ಅದನ್ನು ದಡದ ಮೇಲೇ ಒಟ್ಟಿದರೆ ಆ ಭಾರವೂ ದಡದ ಮೇಲೇ ಬೀಳುತ್ತದೆ. ಎಲ್ಲಿ ಸುರಿಯುವುದು ಎಂದು ಜೆಸಿಬಿ ಬರುವ ಮೊದಲೇ ಗೊತ್ತಿರಬೇಕು.

ಅದಕ್ಕೂ ಮೊದಲಿನ ಕೆಲಸ ಒಂದಿದೆ. ಕೊಳ ಬರುವ ಜಾಗದಲ್ಲಿ ಮಳೆಗಾಲದ ಕೊನೆಗೆ, ಕಬ್ಬಿಗೆ ನೀರು ಹರಿಯುತ್ತಿರುವಾಗಲೇ, ಆಳೆತ್ತರದ ಒಂದು ಸಣ್ಣ ಗುಂಡಿ ತೋಡಿ, ಮುಚ್ಚಿಗೆ ಹಾಕಿ ನಾಲ್ಕು ದಿನ ಬಿಡಬೇಕು. ಎರೆ ಎಲ್ಲಿ ಮುಗಿಯಿತು, ಗರಸು ಎಲ್ಲಿ ಸಿಕ್ಕಿತು, ಜಲ ಎಲ್ಲಿಗೆ ನಿಂತಿತು ಎಂಬುದನ್ನು ಅದೇ ತೋರಿಸುತ್ತದೆ. ಗುಂಡಿ ಒಣಗಿಯೇ ಉಳಿದರೆ ಯುಗಾದಿ ಕಳೆದ ಮೇಲೆ ಜೆಸಿಬಿ ಕರೆಸಬಹುದು. ಮೂರು ಅಡಿಗೇ ನೀರು ಕಂಡರೆ ಕರೆಸುವುದೇ ಬೇಡ.