ಸಾಗದ ದಾರಿಗೆ ತೆತ್ತ ಹಣ

ಬೆಂಗಳೂರಿನಿಂದ ಹೊರಟ ರೈಲುಹಾದಿಯು ಅರಸೀಕೆರೆಯನ್ನು ದಾಟಿ ಕಡೂರಿಗೆ ಬಂದು, ಅಲ್ಲಿಂದ ಅನತಿದೂರದ ಬೀರೂರಿನಲ್ಲಿ ಎರಡಾಗಿ ಕವಲೊಡೆದು, ಒಂದು ಅಜ್ಜಂಪುರ, ಚಿಕ್ಕಜಾಜೂರುಗಳ ಮೇಲೆ ದಾವಣಗೆರೆ, ಹುಬ್ಬಳ್ಳಿಗಳಿಗೂ, ಇನ್ನೊಂದು ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗ, ತಾಳಗುಪ್ಪಗಳಿಗೂ ಸಾಗುತ್ತದೆ. ಮೊದಲನೆಯದು 1889ರಲ್ಲಿ ಹರಿಹರದವರೆಗೆ ಪೂರ್ಣಗೊಂಡಿತು. ಎರಡನೆಯದು 1899ರಲ್ಲಿ ಶಿವಮೊಗ್ಗವನ್ನು ಮುಟ್ಟಿತು. ಕಡೂರು, ತರೀಕೆರೆ, ಅಜ್ಜಂಪುರಗಳಿರುವ ಈ ಸೀಮೆಯನ್ನು ಕಡೂರು ಜಿಲ್ಲೆಯೆಂದೇ ಕರೆಯುತ್ತಿದ್ದ ಕಾಲದಿಂದ ಇಂದಿನವರೆಗೆ, ತೆಂಗು ಅಡಕೆಗಳ ವ್ಯವಹಾರಕ್ಕಾಗಲಿ, ಮಕ್ಕಳ ವಿದ್ಯಾಭ್ಯಾಸಕ್ಕಾಗಲಿ, ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತುವುದಕ್ಕಾಗಲಿ, ಇಲ್ಲಿನ ಜನ ನೆಚ್ಚಿಕೊಂಡು ಬಂದಿರುವುದು ಈ ಹಾದಿಯನ್ನೇ. ಆದಕಾರಣ ರೈಲಿನ ದರಪಟ್ಟಿಯು ಈ ಮೂರು ಊರುಗಳ ಮಟ್ಟಿಗೆ ಕೇವಲ ಅಂಕಿಗಳ ಕೋಷ್ಟಕವಲ್ಲ; ಯಾರು ಹೇಗೆ ಪಯಣಿಸಬಹುದೆಂಬುದನ್ನು ನಿರ್ಣಯಿಸುವ ಶಾಸನವೇ ಆಗಿದೆ. ಶಾಸನವನ್ನು ಓದುವಷ್ಟೇ ಎಚ್ಚರದಿಂದ ಅದನ್ನು ಓದಿ ಪರಿಶೀಲಿಸುವುದು ಅವಶ್ಯಕ.

ಏರಿಕೆಯೆಂದು ಸರ್ಕಾರವು ಸಾರಿ ಹೇಳಿದ್ದನ್ನು ಮೊದಲು ನೋಡೋಣ. 2025ರ ಜುಲೈ 1ರಿಂದ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ಎ.ಸಿ.ಯಲ್ಲದ ದರ್ಜೆಗಳಿಗೆ ಕಿಲೋಮೀಟರಿಗೆ ಒಂದು ಪೈಸೆಯೂ, ಎ.ಸಿ. ದರ್ಜೆಗಳಿಗೆ ಎರಡು ಪೈಸೆಯೂ ಹೆಚ್ಚಿದುವು. ಅದೇ ವರ್ಷದ ಡಿಸೆಂಬರ್ 26ರಿಂದ ಎರಡು ಬಗೆಗೂ ಮತ್ತೆ ಎರಡೆರಡು ಪೈಸೆ ಸೇರಿದುವು. ಕಡೂರಿನಿಂದ ಬೆಂಗಳೂರಿಗೆ ರೈಲಿನ ದಾರಿ ಇನ್ನೂರು ಕಿಲೋಮೀಟರಿಗೆ ತುಸು ಮೇಲೆ. ಹೀಗಾಗಿ ಸ್ಲೀಪರ್‌ನಲ್ಲಿ ಮಲಗಿ ಹೋಗುವವನಿಗೆ ಈ ಎರಡೂ ಏರಿಕೆಗಳಿಂದ ಬಿದ್ದ ಹೆಚ್ಚುವರಿ ಹೊರೆ ಐದರಿಂದ ಹತ್ತು ರೂಪಾಯಿಯೊಳಗಿನದು. ಇದನ್ನು ಅನ್ಯಾಯವೆಂದು ಕೂಗುವುದು ನನಗೆ ಸಮ್ಮತವಲ್ಲ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ನೂರಕ್ಕೆ 57ರಷ್ಟನ್ನು ಮಾತ್ರ ತಾನು ಪ್ರಯಾಣಿಕನಿಂದ ಪಡೆಯುತ್ತಿರುವುದಾಗಿ ರೈಲ್ವೆಯು ಟಿಕೆಟಿನ ಮೇಲೆಯೇ ಅಚ್ಚುಹಾಕಿ ತಿಳಿಸಿದೆ. ಉಳಿದುದನ್ನು ಬಹುಮಟ್ಟಿಗೆ ಸರಕುಸಾಗಣೆಯ ಆದಾಯದಿಂದ ತುಂಬಿಕೊಳ್ಳುತ್ತದೆ. ದೂರಕ್ಕೆ ತಕ್ಕಂತೆ ದರ ಏರಿದರೆ ಅದು ಎಲ್ಲರಿಗೂ ಒಂದೇ ಅಳತೆಯಲ್ಲಿ ಏರುತ್ತದೆ, ಮೊದಲೇ ತಿಳಿದೂ ಇರುತ್ತದೆ. ಪೈಸೆಗಳ ಈ ಏರಿಕೆಯನ್ನು ಕುರಿತು ಪತ್ರಿಕೆಗಳು ದೊಡ್ಡ ಅಕ್ಷರಗಳಲ್ಲಿ ಬರೆದುವು. ನಿಜವಾದ ಏರಿಕೆ ನಡೆದಿರುವುದು ಬೇರೆ ಕಡೆ.

ಅದು ನಡೆದಿರುವುದು ದರ್ಜೆಯಿಂದ ದರ್ಜೆಗೆ ಏರುವ ಮೆಟ್ಟಿಲಿನಲ್ಲಿ. ನಮ್ಮ ದರಪಟ್ಟಿಯಲ್ಲಿ ಪ್ರತಿ ದರ್ಜೆಗೂ ಒಂದು ಕನಿಷ್ಠ ದೂರವನ್ನು ಗೊತ್ತುಮಾಡಿರುವುದುಂಟು: ಸ್ಲೀಪರ್‌ಗೆ 200 ಕಿಲೋಮೀಟರ್, ಎ.ಸಿ. ಚೇರ್‌ಕಾರಿಗೆ 150, ಥರ್ಡ್ ಎ.ಸಿ.ಗೂ ಸೆಕೆಂಡ್ ಎ.ಸಿ.ಗೂ 300. ಅದಕ್ಕಿಂತ ಕಡಿಮೆ ದೂರ ಹೋಗುವವನೂ ಆ ಕನಿಷ್ಠ ದೂರದ ಹಣವನ್ನು ತೆರಲೇಬೇಕು. ದೆಹಲಿಗೋ ಮುಂಬಯಿಗೋ ಹೋಗುವವನಿಗೆ ಈ ನಿಯಮವಿದೆಯೆಂಬುದೇ ತಿಳಿಯದು. ಕಡೂರು, ತರೀಕೆರೆ, ಅಜ್ಜಂಪುರಗಳವನಿಗೆ ಮಾತ್ರ ಅದು ನೇರವಾಗಿ ತಗಲುತ್ತದೆ, ಏಕೆಂದರೆ ಈ ಮೂರು ಊರುಗಳೂ ರಾಜಧಾನಿಯಿಂದ 200 ಕಿಲೋಮೀಟರಿಗೆ ಮೇಲೆ, 300 ಕಿಲೋಮೀಟರಿಗೆ ಕೆಳಗೆ ಇವೆ. ಸ್ಲೀಪರ್‌ನಲ್ಲಿ ಹೋದ ದೂರಕ್ಕಷ್ಟೇ ಹಣ ತೆರುವ ಕಡೂರಿನವನು ಒಂದು ದರ್ಜೆ ಮೇಲೇರಿದೊಡನೆ, ತಾನೆಂದೂ ಸಾಗದ ಸುಮಾರು 90 ಕಿಲೋಮೀಟರಿಗೂ ಸೇರಿಸಿ ತೆರುತ್ತಾನೆ. ಮೀಸಲಾತಿ ಶುಲ್ಕ 20 ರೂಪಾಯಿಯಿದ್ದುದು 40 ಆಗುತ್ತದೆ. ಸೂಪರ್‌ಫಾಸ್ಟ್ ಗಾಡಿಯಾದರೆ 30 ರೂಪಾಯಿಯ ಶುಲ್ಕ 45 ಆಗುತ್ತದೆ. ಇವೆಲ್ಲದರ ಮೇಲೆ, ಎ.ಸಿ. ಟಿಕೆಟ್ ಆದುದರಿಂದ, ನೂರಕ್ಕೆ 5ರ ಜಿ.ಎಸ್.ಟಿ. ಹೀಗೆ ಒಂದೇ ಗಾಡಿಯಲ್ಲಿ, ಒಂದೇ ರಾತ್ರಿಯಲ್ಲಿ, ಒಂದೇ ವೇಗದಲ್ಲಿ ಹೋಗುವ ಎರಡು ಬರ್ತುಗಳ ನಡುವೆ ಬೆಲೆಯ ಅಂತರ ಸುಮಾರು ಮೂರು ಪಟ್ಟಿಗೆ ಬಂದು ನಿಲ್ಲುತ್ತದೆ.

ತತ್ಕಾಲ್ ಟಿಕೆಟ್ಟಿನಲ್ಲಿ ಈ ದೋಷವು ಇನ್ನೂ ಘೋರವಾದ ರೂಪವನ್ನು ತಾಳಿದೆ. ಅಲ್ಲಿ ಸ್ಲೀಪರ್‌ಗೂ ಕನಿಷ್ಠ ದೂರ 500 ಕಿಲೋಮೀಟರ್, ಥರ್ಡ್ ಎ.ಸಿ.ಗೂ ಅಷ್ಟೇ. ಇದಲ್ಲದೆ ತತ್ಕಾಲ್ ಶುಲ್ಕವೆಂದು ಸ್ಲೀಪರ್‌ಗೆ 100ರಿಂದ 200 ರೂಪಾಯಿ, ಥರ್ಡ್ ಎ.ಸಿ.ಗೆ 300ರಿಂದ 400 ರೂಪಾಯಿ ಬೇರೆ. ಊರಿನಲ್ಲಿ ಸಾವಾಗಿದೆಯೆಂದು ಸುದ್ದಿ ಬಂದು, ಪ್ರಯಾಣದ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ಕಿಟಕಿಯ ಮುಂದೆ ನಿಂತು ಹೇಗೋ ಒಂದು ಸ್ಲೀಪರ್ ಬರ್ತನ್ನು ದೊರಕಿಸಿಕೊಂಡ ಅಜ್ಜಂಪುರದ ಕೂಲಿಕಾರನೊಬ್ಬನು, ತಾನು ಹೋಗುವ ದಾರಿಯ ಎರಡರಷ್ಟು ದೂರಕ್ಕೆ ಹಣ ತೆತ್ತು ಊರಿಗೆ ಬರುತ್ತಾನೆ. ದಲ್ಲಾಳಿಗಳನ್ನು ತಡೆಯುವುದಕ್ಕಾಗಿಯೂ, ದೂರದ ಪ್ರಯಾಣಿಕರಿಗೆ ಜಾಗ ಉಳಿಸುವುದಕ್ಕಾಗಿಯೂ ಇಂಥ ಕಟ್ಟುಪಾಡು ಬೇಕೆಂಬ ವಾದವುಂಟು. ದೂರದವರಿಗೆ ಜಾಗ ಉಳಿಸಬೇಕಾದರೆ ಅವರಿಗೆ ಪ್ರತ್ಯೇಕ ಕೋಟಾ ಇಡಬಹುದು; ಸಮೀಪದವನ ಆತುರಕ್ಕೆ ದಂಡ ಹಾಕಿ ಅದನ್ನು ಸಾಧಿಸತಕ್ಕುದಲ್ಲ.

ಬೇಕಾದವರು ಮೇಲಿನ ದರ್ಜೆಗೆ ಹೋಗಲಿ, ಬೇಡವಾದವರು ಸ್ಲೀಪರ್‌ನಲ್ಲಿಯೇ ಇರಲಿ, ಇದರಲ್ಲಿ ಬಲಾತ್ಕಾರವೆಲ್ಲಿದೆ ಎಂದು ಕೇಳುವವರಿದ್ದಾರೆ. ಸಮುದ್ರದ ವಿಲಾಸನೌಕೆಗಳಲ್ಲಿ ಕಿಟಕಿಯಿಲ್ಲದ ಒಳಕೋಣೆಯನ್ನು ಗೊತ್ತುಮಾಡಿದವನು ಬಾಲ್ಕನಿಯುಳ್ಳ ಕೋಣೆಗೆ ಏರಬಯಸಿದರೆ, ಕೆಲವು ಕಂಪನಿಗಳು ಅವನಿಂದಲೇ ಹರಾಜಿನಂತೆ ಬೆಲೆ ಕೂಗಿಸುತ್ತವೆ. ಅಲ್ಲಿ ಪಯಣವೇ ವಿನೋದ. ಏರದಿದ್ದವನಿಗೆ ನಷ್ಟವಿಲ್ಲ, ಏರಿದವನ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಬೇಕಾದುದೂ ಇಲ್ಲ. ನಮ್ಮ ರೈಲ್ವೆಯು ಅದೇ ವಣಿಗ್ಬುದ್ಧಿಯನ್ನು 2016ರ ಸೆಪ್ಟೆಂಬರಿನಲ್ಲಿ ರಾಜಧಾನಿ, ದುರಂತೋ, ಶತಾಬ್ದಿ ಗಾಡಿಗಳಿಗೆ ತಂದು, ಸೀಟುಗಳು ಹತ್ತರಲ್ಲಿ ಒಂದು ಪಾಲು ತುಂಬಿದ ಹಾಗೆಲ್ಲ ಮೂಲದರವು ನೂರಕ್ಕೆ ಹತ್ತರಂತೆ, ಒಂದೂವರೆ ಪಟ್ಟಿನವರೆಗೂ ಏರುವಂತೆ ಮಾಡಿತು. ತರೀಕೆರೆಯಿಂದ ರಾತ್ರಿ ಹೊರಡುವವನ ಸ್ಥಿತಿಯಾದರೋ ಬೇರೆ. ಅನೇಕ ಗಾಡಿಗಳಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಸ್ಲೀಪರ್ ಬೋಗಿಗಳನ್ನು ತೆಗೆದು ಎ.ಸಿ. ಬೋಗಿಗಳನ್ನು ಜೋಡಿಸಿದ್ದಾರೆ. ಕೆಳಗಿನ ದರ್ಜೆಯಲ್ಲಿ ಜಾಗವನ್ನೇ ಕಿರಿದುಮಾಡಿ, ಮೇಲಿನ ದರ್ಜೆಗೆ ಹೋಗುವುದು ನಿನ್ನ ಇಚ್ಛೆ ಎಂದರೆ, ಅದು ಇಚ್ಛೆಯಾಗಿ ಉಳಿಯುವುದಿಲ್ಲ.

ತಾಳಗುಪ್ಪದಿಂದ ಬೆಂಗಳೂರಿನ ಮಾರ್ಗವಾಗಿ ಮೈಸೂರಿಗೆ ಹೋಗುವ ಗಾಡಿಯು ತರೀಕೆರೆಗೆ ಬರುವುದು ಸರಿರಾತ್ರಿಯ ಹೊತ್ತಿಗೆ. ಪ್ಲಾಟ್‌ಫಾರಂ ಮೇಲೆ ಕಂಬಳಿ ಹೊದ್ದು ಕುಳಿತ ಮುದುಕ, ಆತನ ಪಕ್ಕದಲ್ಲಿ ಎಕ್ಸ್‌ರೇ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡ ಹೆಂಡತಿ, ಕೈಯಲ್ಲಿ ಫೋನು ಹಿಡಿದು ವೇಟಿಂಗ್ ಲಿಸ್ಟು ಸರಿಯಿತೇ ಎಂದು ನೋಡುವ ಮಗ: ಇಂಥವರನ್ನು ಅಲ್ಲಿ ಯಾವ ರಾತ್ರಿಯಾದರೂ ಕಾಣಬಹುದು. ಸ್ಲೀಪರ್ ಸಿಕ್ಕಿರುವುದಿಲ್ಲ. ಆನ್‌ಲೈನಿನಲ್ಲಿ ಕೊಂಡ ವೇಟಿಂಗ್ ಟಿಕೆಟ್ಟು ಚಾರ್ಟ್ ಆದೊಡನೆ ತಾನಾಗಿ ರದ್ದಾಗಿ, ಅದರಲ್ಲಿಯೂ ತಲೆಗೆ ಅರವತ್ತು ರೂಪಾಯಿ ಮುರಿದುಕೊಳ್ಳುತ್ತಾರೆ. ಕಡೆಗೆ ಮಗ ಜನರಲ್ ಟಿಕೆಟ್ ತೆಗೆದುಕೊಂಡು, ಗಾಡಿ ನಿಂತ ಎರಡು ನಿಮಿಷದಲ್ಲಿ ಕಪ್ಪುಕೋಟಿನ ಟಿಟಿಇಯವರನ್ನು ಹುಡುಕಿ, ‘ಸಾರ್, ಅಪ್ಪನಿಗೊಂದು ಬರ್ತ್ ಇದ್ದರೆ ನೋಡಿ, ಎಷ್ಟಾದರೂ ಕೊಡ್ತೀನಿ’ ಎಂದು ಅಂಗಲಾಚುತ್ತಾನೆ. ಆತನು ಕೈಯಲ್ಲಿಯ ಯಂತ್ರವನ್ನು ನೋಡಿ, ಥರ್ಡ್ ಎ.ಸಿ.ಯಲ್ಲಿ ಒಂದು ಬರ್ತ್ ಖಾಲಿಯಿದೆಯೆಂದು ಹೇಳಿ, ವ್ಯತ್ಯಾಸದ ಹಣವನ್ನು ಪಡೆದು ರಸೀದಿ ಕೊಡುತ್ತಾನೆ. ತನ್ನ ಕರ್ತವ್ಯವನ್ನು ಸೌಜನ್ಯದಿಂದಲೇ ಮಾಡುತ್ತಾನೆ. ಸಿಕ್ಕ ಬರ್ತಾದರೋ ಮೇಲಿನದು; ಕಬ್ಬಿಣದ ಏಣಿಯನ್ನು ಹತ್ತಲಾರದ ಮುದುಕನು, ಕೆಳಗಿನವರಾರಾದರೂ ಎದ್ದು ಸ್ಥಳ ಕೊಟ್ಟಾರೇ ಎಂದು ಕತ್ತಲೆಯಲ್ಲಿ ನಿಂತಿರುತ್ತಾನೆ.

ಆ ಮುದುಕನಿಗೆ 2020ರ ಮಾರ್ಚಿನವರೆಗೆ ನೂರಕ್ಕೆ 40ರ ರಿಯಾಯಿತಿಯಿದ್ದಿತು. ಐವತ್ತೆಂಟು ದಾಟಿದ ಆತನ ಹೆಂಡತಿಗೆ 50. ಕೊರೋನಾ ಸೋಂಕಿನ ಕಾಲದಲ್ಲಿ ವೃದ್ಧರು ಮನೆಯಿಂದ ಹೊರಬರಕೂಡದೆಂಬ ಕಾರಣಕ್ಕಾಗಿ ಅದನ್ನು ನಿಲ್ಲಿಸಿದರು. ಸೋಂಕು ಅಡಗಿತು, ರಿಯಾಯಿತಿ ಮಾತ್ರ ಮರಳಲಿಲ್ಲ. ಪೈಸೆಗಳ ಲೆಕ್ಕದಲ್ಲಿ ಹತ್ತು ರೂಪಾಯಿಯೊಳಗಿನ ಏರಿಕೆಗೆ ಒಳಗಾದ ಅದೇ ಪ್ರಯಾಣಿಕನು, ರಿಯಾಯಿತಿ ಹೋದುದರಿಂದ ಅದರ ಎಷ್ಟೋ ಪಾಲನ್ನು ದರ ಏರಿತೆಂಬ ಯಾವ ಪ್ರಕಟಣೆಯೂ ಇಲ್ಲದೆ ತೆರುತ್ತಿದ್ದಾನೆ. ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರ್‌ನಲ್ಲಿಯೂ ಥರ್ಡ್ ಎ.ಸಿ.ಯಲ್ಲಿಯೂ ಪೂರ್ಣ ವಿನಾಯಿತಿಯನ್ನು ಉಳಿಸಿಕೊಂಡಿರುವುದಕ್ಕಾಗಿ ರೈಲ್ವೆಯನ್ನು ಮನಸಾರೆ ಹೊಗಳಬೇಕು. ಮಲಗಿ ಹೋಗುವುದು ಕೆಲವರಿಗೆ ಸುಖವಲ್ಲ, ಅವಶ್ಯಕತೆಯೆಂಬುದನ್ನು ಈ ಒಂದು ನಿಯಮದಲ್ಲಿ ಅದು ಒಪ್ಪಿಕೊಂಡಿದೆ.

ಸಾಗದ ದಾರಿಗೆ ಹಣ ತೆರುವ ದೋಷವು ಹಗಲಿನ ಗಾಡಿಗಳಲ್ಲಿ ಇಲ್ಲ. ತರೀಕೆರೆ, ಕಡೂರುಗಳಲ್ಲಿ ನಿಲ್ಲುವ ಶಿವಮೊಗ್ಗದ ಜನಶತಾಬ್ದಿಯಲ್ಲಿ ಕೂರುವ ದರ್ಜೆಯೂ ಎ.ಸಿ. ಚೇರ್‌ಕಾರೂ ಎರಡೂ ಇವೆ; ಎರಡರ ಕನಿಷ್ಠ ದೂರವೂ ನಮ್ಮ ಊರುಗಳ ದೂರಕ್ಕಿಂತ ಕಡಿಮೆಯಾದುದರಿಂದ, ಕೊಟ್ಟ ಹಣಕ್ಕೂ ಸಾಗಿದ ದಾರಿಗೂ ಹೊಂದಿಕೆಯುಂಟು. ಇದು ನಮಗೆ ಒದಗಿದ ಉತ್ತಮ ಗಾಡಿಯೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. 2023ರ ಜೂನಿನಲ್ಲಿ ಆರಂಭವಾದ ಧಾರವಾಡದ ವಂದೇ ಭಾರತ್ ಅಜ್ಜಂಪುರದಲ್ಲಿ ನಿಲ್ಲದೆ ಹೋಗುತ್ತದೆ. ಅದರ ದರವನ್ನು ಅಜ್ಜಂಪುರದವರು ಚರ್ಚಿಸಬೇಕಾದ ಪ್ರಮೇಯವೇ ಇಲ್ಲ.

1974ರಲ್ಲಿ ಮೂರನೆಯ ದರ್ಜೆಯನ್ನು ತೆಗೆದುಹಾಕಿದಾಗ, 1917ರಲ್ಲಿಯೇ ಆ ದರ್ಜೆಯ ಯಾತನೆಗಳನ್ನು ಕುರಿತು ಬರೆದಿದ್ದ ಗಾಂಧೀಜಿಯವರ ಆಶಯವು ಈಡೇರಿತೆಂದು ಅನೇಕರು ಹಿಗ್ಗಿದ್ದು ಸಹಜ. ಇಂದು ಒಂದೇ ಗಾಡಿಯಲ್ಲಿ ಜನರಲ್, ಸ್ಲೀಪರ್, ಥರ್ಡ್ ಎ.ಸಿ. ಇಕಾನಮಿ, ಥರ್ಡ್ ಎ.ಸಿ., ಸೆಕೆಂಡ್ ಎ.ಸಿ., ಫಸ್ಟ್ ಎ.ಸಿ. ಎಂದು ದರ್ಜೆಗಳು ಬೆಳೆದು ನಿಂತಿವೆ. ದರ್ಜೆಗಳಿರುವುದಕ್ಕೆ ನನ್ನ ಆಕ್ಷೇಪವಿಲ್ಲ. ಉಳ್ಳವನು ಹೆಚ್ಚು ತೆತ್ತು ತಂಪಾಗಿ ಮಲಗಲಿ. ಮೇಲಿನ ದರ್ಜೆಯಲ್ಲಿ ಜಾಗ ಉಳಿದರೆ ಕೆಳಗಿನ ದರ್ಜೆಯಲ್ಲಿ ಪೂರ್ಣ ದರ ತೆತ್ತವರನ್ನು ಹೆಚ್ಚು ಹಣ ಕೇಳದೆ ಏರಿಸುವ ವ್ಯವಸ್ಥೆಯೊಂದು ರೈಲ್ವೆಯಲ್ಲಿ 2006ರಿಂದಲೂ ಇದೆ. ಅದು ವಿವೇಕದ ಕೆಲಸ. ಆದರೆ ದೂರವನ್ನು ಅಳೆದು ದರ ಕಟ್ಟುವ ಸಂಸ್ಥೆಯು, ಅಳತೆಯಲ್ಲಿಯೇ ಸಾಗದ ದಾರಿಯನ್ನು ಸೇರಿಸುವುದು ಒಪ್ಪತಕ್ಕ ಮಾತಲ್ಲ.

ಕಡೂರು, ತರೀಕೆರೆ, ಅಜ್ಜಂಪುರಗಳ ಜನಪ್ರತಿನಿಧಿಗಳು ರೈಲ್ವೆಯ ಮುಂದೆ ಹೊಸ ನಿಲುಗಡೆಗಳನ್ನು ಕೇಳುವುದು ವಾಡಿಕೆ. ಮುಂದಿನ ಸಲ ಮನವಿ ಬರೆಯುವಾಗ ಅವರು ಮೂರು ಸಾಲುಗಳನ್ನು ಸೇರಿಸಲಿ: ಥರ್ಡ್ ಎ.ಸಿ.ಯ ಕನಿಷ್ಠ ದೂರವನ್ನು 300ರಿಂದ 200 ಕಿಲೋಮೀಟರಿಗೆ ಇಳಿಸಬೇಕು. ತತ್ಕಾಲ್ ಸ್ಲೀಪರ್‌ಗೆ 500ರ ಕಟ್ಟುಪಾಡನ್ನು ತೆಗೆಯಬೇಕು. ವೃದ್ಧರ ರಿಯಾಯಿತಿಯನ್ನು ಸ್ಲೀಪರ್ ದರ್ಜೆಗಾದರೂ ಮರಳಿ ಕೊಡಬೇಕು.