ಫಿಕ್ಸೆಡ್ ಗೇರ್ ಸೈಕಲ್ಲಿನ ಹಿಂದಿನ ಗಾಲಿ: ಹೊಳಪು ಮತ್ತು ಹಿಡಿತ

ಫಿಕ್ಸೆಡ್ ಗೇರ್ ಸೈಕಲ್ಲಿಗೆ ಫ್ರೀವೀಲ್ ಇಲ್ಲ. ಗಾಲಿ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ; ವೇಗ ತಗ್ಗಿಸಬೇಕಾದರೆ ಸವಾರ ಪೆಡಲನ್ನು ಹಿಮ್ಮುಖವಾಗಿ ಅದುಮಬೇಕು. ಹಾಗಾಗಿ ಹಿಂದಿನ ಹಲ್ಲುಚಕ್ರಕ್ಕೆ ಎರಡೂ ದಿಕ್ಕಿನ ಎಳೆತ. ಮುಂದಕ್ಕೆ ತುಳಿದಾಗ ಅದು ಹಬ್‌ನ ಬಲಮುರಿ ಥ್ರೆಡ್ ಮೇಲೆ ಬಿಗಿಯುತ್ತದೆ, ಹಿಂದಕ್ಕೆ ಒತ್ತಿದಾಗ ಬಿಚ್ಚಿಕೊಳ್ಳಲು ನೋಡುತ್ತದೆ. ತಡೆದು ನಿಲ್ಲಿಸುವುದು ಎಡಮುರಿ ಥ್ರೆಡ್ಡಿನ ಲಾಕ್‌ರಿಂಗ್: ಹಲ್ಲುಚಕ್ರ ಹಿಂದಕ್ಕೆ ಜಾರಿದಷ್ಟೂ ಪಕ್ಕದ ರಿಂಗನ್ನು ಎಳೆದು ಬಿಗಿಮಾಡುತ್ತದೆ. ಗುಣಮಟ್ಟವನ್ನು ಮೊದಲು ನೋಡಬೇಕಾದ ಜಾಗ ಇದು. ಕೊಳ್ಳುವವರ ಕಣ್ಣು ಮಾತ್ರ ಸಾಮಾನ್ಯವಾಗಿ ಹಬ್‌ನ ಹೊಳಪಿನ ಮೇಲಿರುತ್ತದೆ.

ಹಲ್ಲುಚಕ್ರದ ಥ್ರೆಡ್ 1.37 ಇಂಚು ವ್ಯಾಸದ್ದು, ಇಂಚಿಗೆ 24 ಸುತ್ತು. ಲಾಕ್‌ರಿಂಗಿನದು 1.29 ಇಂಚು, ಇಟಲಿಯ ಕ್ಯಾಂಪಗ್ನೋಲೋದ್ದಾದರೆ 1.32. ಇವೆರಡನ್ನು ಬೆರೆಸಿದರೆ ಹಿಡಿತ ಕೆಟ್ಟಿತೆಂದೇ ಲೆಕ್ಕ. ಮಾಮೂಲು ಫ್ರೀವೀಲ್ ಹಬ್‌ಗೂ ಇದೇ 1.37ರ ಥ್ರೆಡ್ ಇರುವುದರಿಂದ ಫಿಕ್ಸೆಡ್ ಹಲ್ಲುಚಕ್ರ ಅದರ ಮೇಲೂ ಸಲೀಸಾಗಿ ಕೂರುತ್ತದೆ. ಆದರೆ ಲಾಕ್‌ರಿಂಗಿಗೆ ಬೇಕಾದ ಎಡಮುರಿ ಮೆಟ್ಟಿಲು ಅಲ್ಲಿಲ್ಲ. ಈ ಅಗ್ಗದ ಜೋಡಣೆಗೆ ಸವಾರರೇ ಇಟ್ಟ ಹೆಸರು ‘ಸೂಸೈಡ್ ಹಬ್’. ಬ್ರೇಕಿಲ್ಲದ ಸೈಕಲ್ಲಿನಲ್ಲಿ ಅದು ಉತ್ಪ್ರೇಕ್ಷೆಯಲ್ಲ.

ಹಲ್ಲುಚಕ್ರದಲ್ಲಿ ಹಲ್ಲಿಗಿಂತ ಬುಡ ಮುಖ್ಯ. ತಗಡಿನಿಂದ ಒತ್ತಿ ತೆಗೆದ ತೆಳು ಚಕ್ರ ಒಂದೆರಡು ಸುತ್ತು ಥ್ರೆಡ್ಡನ್ನಷ್ಟೇ ಕಚ್ಚುತ್ತದೆ. ಬಲವೆಲ್ಲ ಅಷ್ಟರ ಮೇಲೇ ಬಿದ್ದು, ಕೊನೆಗೆ ಕಿತ್ತುಹೋಗುವುದು ದುಬಾರಿ ಹಬ್‌ನ ಮೆದು ಅಲ್ಯೂಮಿನಿಯಂ. ಅಗಲ ಬುಡದ ಕ್ರೋಮ್‌ಮಾಲಿ ಉಕ್ಕಿನ ಚಕ್ರಕ್ಕೆ ಕೊಡುವ ಹೆಚ್ಚುವರಿ ಹಣ, ಹಾಗೆ ನೋಡಿದರೆ, ಹಬ್‌ನ ವಿಮೆ.

ಹಬ್‌ಗಳಲ್ಲಿ ಶಿಮಾನೋದ ಡ್ಯೂರಾ-ಏಸ್ 7600ಕ್ಕೆ ದೊಡ್ಡ ಹೆಸರು. ಜಪಾನಿನ ಕೆಯಿರಿನ್ ಪಂದ್ಯಗಳಿಗೆ ಒಪ್ಪಿಗೆಯಾದ ಎನ್‌ಜೆಎಸ್ ಮುದ್ರೆ ಅದಕ್ಕಿದೆ. 1948ರಲ್ಲಿ ಕೊಕುರಾದಲ್ಲಿ ಶುರುವಾದ ಕೆಯಿರಿನ್ ಬಾಜಿ ಕಟ್ಟುವ ಪಂದ್ಯ. ಸಾಧನದಿಂದ ಯಾರಿಗೂ ಮೇಲುಗೈ ಸಿಗಬಾರದೆಂಬುದು ಎನ್‌ಜೆಎಸ್ ನಿಯಮಗಳ ಒಂದು ಉದ್ದೇಶ. ಊರಿನ ಕೆಸರಿಗೂ ಇದೇ ಉತ್ತಮವೆಂದು ಆ ಮುದ್ರೆ ಹೇಳುವುದಿಲ್ಲ. 7600ರ ಬಿಡಿ ಗುಂಡುಗಳ ಬೇರಿಂಗ್ ಬಹಳ ನುಣುಪು, ಬಿಚ್ಚಿ ಗ್ರೀಸ್ ಹಾಕುವವರ ಕೈಯಲ್ಲಿ ಬಹುಕಾಲ ಬಾಳುತ್ತದೆ. ಮಳೆಯಲ್ಲಿ ಓಡಿಸಿ ಮೂಲೆಗೆ ನಿಲ್ಲಿಸುವವರಿಗೆ ಮುಚ್ಚಿದ ಕಾರ್ಟ್ರಿಜ್ ಬೇರಿಂಗಿನ ಸಾದಾ ಹಬ್ಬೇ ವಾಸಿ.

ಗಾಲಿ ಕಟ್ಟುವುದರಲ್ಲಿ ಚಿಂತೆ ಕಡಿಮೆ. ಹಲವು ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಿಲ್ಲವಾದ್ದರಿಂದ 120 ಮಿ.ಮೀ. ಹಬ್‌ನ ಎರಡೂ ಬದಿಯ ಕಡ್ಡಿಗಳ ಬಿಗುವು ಹೆಚ್ಚುಕಡಿಮೆ ಸಮ. 32 ಕಡ್ಡಿಯ ಗಾಲಿ ದಿನಬಳಕೆಗೆ ಧಾರಾಳವಾಯಿತು.

ಉಳಿದದ್ದು ಹಲ್ಲಿನ ಲೆಕ್ಕ. ಮುಂದೆ 48, ಹಿಂದೆ 16 ಹಲ್ಲಿದ್ದರೆ ಅನುಪಾತ ನೇರ 3:1. ಸದಾ ಒಂದೇ ಕಾಲು ಮುಂದಿಟ್ಟು ಗಾಲಿ ಜಾರಿಸಿ ನಿಲ್ಲಿಸುವವನ ಟೈರು ಪ್ರತಿಸಲ ಒಂದೇ ಜಾಗದಲ್ಲಿ ಉಜ್ಜಿ ಸವೆಯುತ್ತದೆ. ಹಿಂದೆ 17 ಹಾಕಿದರೆ ಅದೇ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ.