ವಿದ್ಯಾರ್ಥಿವೇತನವೂ ಕ್ಷೇತ್ರಕಾರ್ಯವೂ: ಪುರಾತತ್ತ್ವ ಸಂಶೋಧನೆಯ ಧನಸಹಾಯವನ್ನು ಕುರಿತು ಒಂದು ವಿಮರ್ಶೆ

ಪುರಾತತ್ತ್ವವನ್ನು ಇತಿಹಾಸದ ಒಂದು ಶಾಖೆಯೆಂದು ಎಣಿಸುವುದು ನಮ್ಮ ವಿದ್ಯಾಲಯಗಳಲ್ಲಿ ವಾಡಿಕೆ. ಉದ್ದೇಶದ ದೃಷ್ಟಿಯಿಂದ ಇದು ಸರಿಯೇ. ಆದರೆ ಆಧಾರಸಾಮಗ್ರಿಯ ದೃಷ್ಟಿಯಿಂದ ನೋಡಿದರೆ ಎರಡಕ್ಕೂ ಮುಖ್ಯವಾದ ಒಂದು ಭೇದವುಂಟು. ಗ್ರಂಥಾಲಯದ ಪುಸ್ತಕವಾಗಲಿ, ದಫ್ತರಖಾನೆಯ ಕಡತವಾಗಲಿ ಸಂಶೋಧಕನಿಗಾಗಿ ಹತ್ತು ವರ್ಷ ಕಾದಿರಬಲ್ಲುದು. ಹೊಲದ ಬದುವಿನಲ್ಲಿ ನಿಂತ ವೀರಗಲ್ಲು, ಉಳುಮೆಯಲ್ಲಿ ಮೇಲೆದ್ದ ಮಡಕೆಯ ಚೂರು, ಹಾಳೂರಿನ ದಿಬ್ಬ ಇವು ಹಾಗೆ ಕಾಯಲಾರವು. ಈ ಭೇದವನ್ನು ನಮ್ಮ ವಿದ್ಯಾರ್ಥಿವೇತನಗಳ ನಿಯಮಾವಳಿ ಗಮನಕ್ಕೆ ತಂದುಕೊಂಡಿಲ್ಲವೆಂಬುದೂ, ಅದರ ಪರಿಣಾಮವು ವಿದ್ಯಾರ್ಥಿಗಳು ಆರಿಸಿಕೊಳ್ಳುವ ವಿಷಯಗಳ ಮೇಲೆಯೇ ಆಗುತ್ತಿದೆಯೆಂಬುದೂ ಈ ಲೇಖನದ ಪ್ರತಿಪಾದ್ಯ.

ದೃಷ್ಟಾಂತಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಮಾನಸಗಂಗೋತ್ರಿಯಿಂದ ಕೆಲವೇ ಕಿಲೋಮೀಟರು ದೂರದಲ್ಲಿ ದಟ್ಟಗಳ್ಳಿಯಿದೆ. ಇಂದು ಅದು ಮೈಸೂರು ನಗರದ ಒಂದು ಭಾಗ. ನಗರಾಭಿವೃದ್ಧಿ ಪ್ರಾಧಿಕಾರ ರಚಿಸಿದ ಬಡಾವಣೆಗಳು, ಅಳತೆಮಾಡಿ ಹಂಚಿದ ನಿವೇಶನಗಳು, ವರ್ತುಲ ರಸ್ತೆ ಇವೇ ಅಲ್ಲಿ ಕಾಣುವುವು. ಆದರೂ ದಟ್ಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ ಎಂಬ ಹೆಸರುಗಳ ತುದಿಯಲ್ಲಿ ಹಳ್ಳಿ ಇನ್ನೂ ಕೇಳಿಸುತ್ತದೆ. ಹಳ್ಳಿಯೆಂದ ಮೇಲೆ ಅದಕ್ಕೊಂದು ಊರಬಾಗಿಲು, ಕೆರೆಯ ಏರಿ, ಗ್ರಾಮದೇವತೆಯ ನೆಲೆ, ಹೊಲಗಳ ಹೆಸರುಗಳು ಇದ್ದೇ ಇರುತ್ತವೆ. ಬಡಾವಣೆಯ ನಕ್ಷೆ ಸಿದ್ಧವಾಗುವುದಕ್ಕೂ ಮಣ್ಣು ತಳ್ಳುವ ಯಂತ್ರ ಬರುವುದಕ್ಕೂ ನಡುವೆ ಕೆಲವು ಕಾಲ ಅವಕಾಶವಿರುತ್ತದೆ. ಆ ಅವಕಾಶದಲ್ಲಿ ಒಬ್ಬ ವಿದ್ಯಾರ್ಥಿ ಹೊಲಹೊಲವನ್ನೂ ನಡೆದು ನೋಡಿ, ಕಂಡುದನ್ನು ನಕ್ಷೆಯಲ್ಲಿ ಗುರುತಿಸಿ, ಊರಿನ ಹಿರಿಯರಿಂದ ಹೊಲದ ಹೆಸರುಗಳನ್ನು ಕೇಳಿ ಬರೆದುಕೊಂಡರೆ, ಮುಂದೆ ಅಲ್ಲಿ ಮನೆಗಳೆದ್ದರೂ ದಾಖಲೆ ಉಳಿಯುತ್ತದೆ. ಏನೂ ಸಿಕ್ಕದಿದ್ದರೆ ಸಿಕ್ಕಲಿಲ್ಲವೆಂಬುದೂ ಒಂದು ದಾಖಲೆಯೇ. ಇದಕ್ಕೆ ಬೇಕಾದ ಹಣ ಬಹಳ ಸ್ವಲ್ಪ. ಆ ಸ್ವಲ್ಪವನ್ನು ಯಾರು ಕೊಡತಕ್ಕದ್ದು ಎಂಬುದೇ ಪ್ರಶ್ನೆ.

ಹಿಂದೆ ಮೈಸೂರಿನಲ್ಲಿ ಈ ಪ್ರಶ್ನೆ ಇಷ್ಟು ಕಠಿನವಾಗಿರಲಿಲ್ಲ. ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರಕಟಿಸಿದ್ದು ಸಂಸ್ಥಾನದ ಇಲಾಖೆಯ ಬಲದಿಂದ. ಅವರ ತರುವಾಯ ‘ಪ್ರಾಕ್ತನವಿಮರ್ಶವಿಚಕ್ಷಣ’ ಆರ್. ನರಸಿಂಹಾಚಾರ್ಯರು ಆ ಕಾರ್ಯವನ್ನು ಮುಂದುವರಿಸಿದರು. 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಕ್ಕೂ ಈ ಇಲಾಖೆಗೂ ಮುಂದೆ ನಿಕಟಸಂಬಂಧ ಏರ್ಪಟ್ಟಿತು. ಇಲಾಖೆಯ ವಾರ್ಷಿಕ ವರದಿಗಳು ವಿಶ್ವವಿದ್ಯಾನಿಲಯದ ಹೆಸರನ್ನು ಹೊತ್ತು ಅಚ್ಚಾದುವು. ಚಂದ್ರವಳ್ಳಿಯಲ್ಲಿ ಅಗೆಯಿಸಿದ, 1936ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣ ಅವರು ಇಲಾಖೆಯ ನಿರ್ದೇಶಕರೂ ಹೌದು, ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಹೌದು. 1950ರ ದಶಕದಲ್ಲಿ ಇಂಡಾಲಜಿಯ ಪ್ರಾಧ್ಯಾಪಕರಾಗಿದ್ದ ಕೆ. ಎ. ನೀಲಕಂಠಶಾಸ್ತ್ರಿಗಳಿಗೂ ಪದನಿಮಿತ್ತವಾಗಿ ನಿರ್ದೇಶಕತ್ವ ಬಂದಿತ್ತು. ಪಾಠ ಹೇಳುವವರೂ ಗುದ್ದಲಿ ಹಿಡಿಯಿಸುವವರೂ ಒಬ್ಬರೇ ಆಗಿದ್ದಾಗ ವಿದ್ಯಾರ್ಥಿಗೆ ಕ್ಷೇತ್ರದ ದಾರಿ ತರಗತಿಯಿಂದಲೇ ತೆರೆಯುವುದು ಸಹಜ. ಇಂದು ಇಲಾಖೆ ಸರ್ಕಾರದ್ದು, ವಿಭಾಗ ವಿಶ್ವವಿದ್ಯಾನಿಲಯದ್ದು. ಆಡಳಿತಕ್ಕೆ ಈ ವಿಭಜನೆ ಅನುಕೂಲವಿರಬಹುದು. ಆದರೆ ಇಲಾಖೆಯ ಗಾಡಿ, ಡೇರೆ, ಅಳತೆಯ ಉಪಕರಣಗಳು ವಿದ್ಯಾರ್ಥಿಯ ಕೈಗೆ ದೂರವಾದುವು. ಆ ಕೊರತೆಯನ್ನು ವಿದ್ಯಾರ್ಥಿವೇತನ ತುಂಬಬೇಕಾಗಿತ್ತು; ತುಂಬಲಿಲ್ಲ.

ಈಗಿನ ಲೆಕ್ಕವನ್ನು ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನ ವೇತನವನ್ನು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಇದು ಸ್ವಾಗತಾರ್ಹ. ಆದರೆ ಮಾನವಿಕ ವಿಷಯಗಳಿಗೆ ಆಯೋಗ ಗೊತ್ತುಮಾಡಿದ ಸಾದಿಲ್ವಾರು ವೆಚ್ಚ ಮೊದಲೆರಡು ವರ್ಷ ವರ್ಷಕ್ಕೆ 10,000 ರೂಪಾಯಿ, ಆಮೇಲೆ 20,500 ರೂಪಾಯಿ. ಮೊದಲ ವರ್ಷದಲ್ಲಿ ಸಂಶೋಧಕನ ಜೀವನಕ್ಕೆ 4,44,000 ರೂಪಾಯಿ, ಸಂಶೋಧನೆಯ ಖರ್ಚಿಗೆ 10,000. ಅಂದರೆ ಎರಡನೆಯದು ಮೊದಲನೆಯದರಲ್ಲಿ ನೂರಕ್ಕೆ ಎರಡೂಕಾಲು ಪಾಲು! ಪುಸ್ತಕ ಕೊಂಡು, ಪ್ರತಿ ತೆಗೆಸಿ, ಬೆರಳಚ್ಚು ಮಾಡಿಸುವ ವಿಷಯಗಳಿಗೆ ಇದು ಸಾಲಬಹುದು. ಪುರಾತತ್ತ್ವಕ್ಕೂ ಅದೇ ಅಳತೆಗೋಲನ್ನು ಹಿಡಿಯುವುದು ನ್ಯಾಯವಲ್ಲ. ಮೇಲಾಗಿ ಈ ವೇತನ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದ ಕೆಲವರಿಗೆ ಮಾತ್ರ. ಆ ಪರೀಕ್ಷೆಯ ವೇತನವಿಲ್ಲದವರಿಗೆಂದು ಆಯೋಗ ಕೊಡುವ ತಿಂಗಳಿಗೆ 8,000 ರೂಪಾಯಿಯ ಸಹಾಯವಾದರೋ ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ ಸೇರಿದುದು. ಮೈಸೂರು, ಧಾರವಾಡಗಳಂಥ ರಾಜ್ಯ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗೆ ಅದು ದಕ್ಕುವುದಿಲ್ಲ.

ಈ ಲೆಕ್ಕದ ಫಲವೇನು? ಬಡಕುಟುಂಬದಿಂದ ಬಂದ ವಿದ್ಯಾರ್ಥಿ, ಜಾಣನಾಗಿದ್ದರೆ, ಅಲೆದಾಟವಿಲ್ಲದ ವಿಷಯವನ್ನೇ ಹಿಡಿಯುತ್ತಾನೆ. ಅಚ್ಚಾದ ಶಾಸನಗಳಿಂದ ಒಂದು ತಾಲ್ಲೂಕಿನ ಸಾಂಸ್ಕೃತಿಕ ಇತಿಹಾಸವನ್ನು ಜೋಡಿಸುವುದು, ಅನೇಕರು ಬರೆದ ದೇವಾಲಯವನ್ನು ಮತ್ತೊಮ್ಮೆ ವರ್ಣಿಸುವುದು, ಇವು ಅವನಿಗೆ ನಿರಪಾಯವಾದ ಮಾರ್ಗಗಳು. ವಿದ್ಯಾರ್ಥಿನಿಯರ ಕಷ್ಟ ಇನ್ನೂ ಹೆಚ್ಚು. ಹಳ್ಳಿಯಲ್ಲಿ ಒಂದು ವಾರ ತಂಗಲು ತಕ್ಕ ವಸತಿಯೂ ಜೊತೆಗೊಬ್ಬ ಸಹಾಯಕರೂ ಬೇಕು. ಇದಕ್ಕೆ ನಿಯಮಾವಳಿಯಲ್ಲಿ ಶೀರ್ಷಿಕೆಯೇ ಇಲ್ಲ. ಗ್ರಂಥಾಲಯದಲ್ಲಿ ಕುಳಿತು ಬರೆದ ಪ್ರಬಂಧಗಳನ್ನು ನಾವು ಹಳಿಯುತ್ತಿಲ್ಲ. ಆದರೆ ವಿಷಯದ ಆಯ್ಕೆ ಪ್ರಶ್ನೆಯ ಮಹತ್ತ್ವದಿಂದ ಆಗದೆ ಬಸ್ಸಿನ ದರದಿಂದ ಆಗುವುದು ಶಾಸ್ತ್ರಕ್ಕೆ ಕ್ಷೇಮವಲ್ಲ.

ನಡೆದು ನೋಡಿದರೆ ಏನು ದೊರೆಯುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳಿವೆ. ಆರ್. ವಿ. ಜೋಶಿಯವರು ಮಲಪ್ರಭಾ ಕಣಿವೆಯ ಶಿಲಾಯುಗವನ್ನು ಕುರಿತು ಮಾಡಿದ ವ್ಯಾಸಂಗ 1955ರಲ್ಲಿ ಪ್ರಕಟವಾಯಿತು. ಕೆ. ಪದ್ದಯ್ಯನವರು ಸುರಪುರ ದೋಆಬಿನ ನವಶಿಲಾಯುಗವನ್ನು ಡಾಕ್ಟರೇಟಿಗಾಗಿ ಪರಿಶೋಧಿಸಿ, ಆ ಗ್ರಂಥವನ್ನು 1973ರಲ್ಲಿ ಹೊರತಂದರು. ಅದೇ ಸೀಮೆಯ ಹುಣಸಗಿ ಕಣಿವೆ ಮುಂದೆ ಅವರ ದಶಕಗಳ ಕಾರ್ಯಕ್ಷೇತ್ರವಾಯಿತು. ವಿದ್ಯಾರ್ಥಿದೆಸೆಯ ತಿರುಗಾಟ ಜೀವಮಾನದ ವ್ಯಾಸಂಗಕ್ಕೆ ಬೀಜವಾದ ಬಗೆ ಇದು. ಗಮನಿಸಬೇಕಾದ ಸಂಗತಿಯೆಂದರೆ ಇಬ್ಬರೂ ಪುಣೆಯ ಡೆಕ್ಕನ್ ಕಾಲೇಜಿನ ಪರಂಪರೆಯವರು. ನಮ್ಮ ಕಣಿವೆಗಳನ್ನು ಅಳೆಯುವ ವ್ಯವಸ್ಥೆ ಅಲ್ಲಿತ್ತು.

ಕ್ಷೇತ್ರಕಾರ್ಯದಂತೆಯೇ ಪ್ರಯೋಗಾಲಯದ ಪರೀಕ್ಷೆಯೂ ಆಡಂಬರವಲ್ಲ. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆಯಿಸಿದ ವ್ಹೀಲರರು ಅಲ್ಲಿಯ ಬೃಹತ್‌ಶಿಲಾ ಸಂಸ್ಕೃತಿಯ ಆರಂಭವನ್ನು ಸುಮಾರು ಕ್ರಿ. ಪೂ. 200ಕ್ಕೆ ಇರಿಸಿದರು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಈಗಿನ ಹಾವೇರಿ ಜಿಲ್ಲೆಯ ಹಳ್ಳೂರನ್ನು ಅಗೆಯಿಸಿದಾಗ ಕಬ್ಬಿಣವುಳ್ಳ ಪದರದ ಇದ್ದಲನ್ನು ರೇಡಿಯೋ ಕಾರ್ಬನ್ ಪರೀಕ್ಷೆಗೆ ಒಳಪಡಿಸಲಾಯಿತು. ಬಂದ ಕಾಲ ಸುಮಾರು ಕ್ರಿ. ಪೂ. 1000. ದಕ್ಷಿಣದಲ್ಲಿ ಕಬ್ಬಿಣದ ಇತಿಹಾಸ ಶತಮಾನಗಳಷ್ಟು ಹಿಂದೆ ಸರಿದದ್ದು ಹಿಡಿಯಷ್ಟು ಇದ್ದಲಿನಿಂದ. ಇಂಥ ಪರೀಕ್ಷೆಗೆ ಇಂದಿನ ವಿದ್ಯಾರ್ಥಿ ಆ ಹತ್ತು ಸಾವಿರದಲ್ಲಿಯೇ ಹಣ ಹೊಂದಿಸಬೇಕೆಂದರೆ ಅದು ಆಗುವ ಮಾತಲ್ಲ.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟಬಹುದು. ನಿಜವಾದ ಶ್ರದ್ಧೆಯುಳ್ಳವನಿಗೆ ಹಣವೇಕೆ, ಹಿಂದಿನವರು ನಡೆದೇ ಕೆಲಸಮಾಡಲಿಲ್ಲವೆ ಎಂಬುದು ಒಂದು. ರಾಬರ್ಟ್ ಬ್ರೂಸ್ ಫೂಟರು ದಖನ್ನಿನಲ್ಲಿ ಶಿಲಾಯುಗದ ನೆಲೆಗಳನ್ನು ಗುರುತಿಸಿದ್ದು ನಿಜ. ಆದರೆ ಅವರು ಭೂವಿಜ್ಞಾನ ಸರ್ವೇಕ್ಷಣೆಯ ಅಧಿಕಾರಿಗಳು, ತಿರುಗುವುದೇ ಅವರ ಉದ್ಯೋಗ, ಅದಕ್ಕೆ ಸಂಬಳವಿತ್ತು. ಶ್ರದ್ಧೆಯ ಹೆಸರಿನಲ್ಲಿ ವಿದ್ಯಾರ್ಥಿಯನ್ನು ಉಪವಾಸ ಕೆಡಹುವುದು ಗುರುಗಳಿಗೆ ಒಪ್ಪತಕ್ಕದ್ದಲ್ಲ. ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು: ಹಣ ಕೊಟ್ಟರೆ ಎಲ್ಲರೂ ಅಗೆಯಲು ಹೊರಡುವರು, ಅಗೆದದ್ದು ವರದಿಯಾಗದೆ ಉಳಿಯುವುದು. ಈ ಭಯ ನಿರಾಧಾರವಲ್ಲ. ಅಗೆತವೆಂದರೆ ಪದರಗಳನ್ನು ಒಂದು ಸಲ ಓದಿ ಹರಿದುಹಾಕುವ ಪುಸ್ತಕ. ಟಿಪ್ಪಣಿ ಉಳಿಯದಿದ್ದರೆ ಅದು ನಾಶವೇ ಸರಿ. ಎಂ. ಶೇಷಾದ್ರಿಯವರ ತಿರುಮಕೂಡಲು ನರಸೀಪುರದ ಉತ್ಖನನದ ವರದಿ ಸಹ ಕೆಲಸ ಆರಂಭವಾಗಿ ಸುಮಾರು ಒಂದು ದಶಕವಾದ ಮೇಲೆ, 1971ರಲ್ಲಿ, ಹೊರಬಂದಿತು. ಇಲಾಖೆಯ ಬೆಂಬಲವಿದ್ದ ಕಾರ್ಯಕ್ಕೇ ಅಷ್ಟು ಕಾಲ ಹಿಡಿದರೆ ಒಂಟಿ ವಿದ್ಯಾರ್ಥಿಯ ಪಾಡೇನು? ಹೇಗೂ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಉತ್ಖನನ ಅನುಮತಿಯಿಲ್ಲದೆ ನಡೆಯತಕ್ಕದ್ದಲ್ಲ. ಆದ್ದರಿಂದ ವಿದ್ಯಾರ್ಥಿಯ ಹಣ ಅಗೆತಕ್ಕಲ್ಲ, ಪರಿಶೋಧನೆಗೆ, ದಾಖಲೆಗೆ, ಪರೀಕ್ಷೆಗೆ ಸಲ್ಲಬೇಕೆಂಬುದು ನಮ್ಮ ಮತ.

ಹೀಗಿರುವಲ್ಲಿ ವಿಶ್ವವಿದ್ಯಾನಿಲಯಗಳು ಮಾಡಬಹುದಾದುದು ಇಷ್ಟು. ಜೀವನದ ವೇತನವನ್ನೂ ಕ್ಷೇತ್ರದ ವೆಚ್ಚವನ್ನೂ ಎರಡಾಗಿ ಬೇರ್ಪಡಿಸುವುದು. ಸಹಾಯಧನದ ವಿಷಯದಲ್ಲಿ ಪುರಾತತ್ತ್ವವನ್ನು ಭೂವಿಜ್ಞಾನದ ಪಂಕ್ತಿಯಲ್ಲಿ ಕೂರಿಸುವುದು. ಕ್ಷೇತ್ರದ ಹಣವನ್ನು ಮೂರು ಕಂತುಗಳಲ್ಲಿ ಕೊಡುವುದು: ಮೊದಲನೆಯದು ಹೊರಡುವ ಮುನ್ನ, ಏಕೆಂದರೆ ಖರ್ಚುಮಾಡಿ ರಸೀದಿ ತಂದಮೇಲೆ ಹಣವೆಂಬ ನಿಯಮ ಕೈಯಲ್ಲಿ ಕಾಸಿರುವವನಿಗೆ ಮಾತ್ರ ಅನುಕೂಲ, ಎರಡನೆಯದು ಪರೀಕ್ಷೆಗೆ, ಮೂರನೆಯದು ನಕ್ಷೆ, ಛಾಯಾಚಿತ್ರ, ಟಿಪ್ಪಣಿಗಳ ಒಂದು ಪ್ರತಿಯನ್ನು ವಿಭಾಗಕ್ಕೂ ಇನ್ನೊಂದನ್ನು ಇಲಾಖೆಗೂ ಒಪ್ಪಿಸಿದ ಮೇಲೆ. ಪದವಿ ದೊರೆತರೂ ದೊರೆಯದಿದ್ದರೂ ದಾಖಲೆ ಉಳಿಯಬೇಕು. ಸ್ನಾತಕೋತ್ತರ ತರಗತಿಯಲ್ಲಿಯೇ ಒಂದೊಂದು ಗ್ರಾಮವನ್ನು ಒಬ್ಬೊಬ್ಬರಿಗೆ ವಹಿಸುವ ಸಣ್ಣ ವೇತನಗಳನ್ನು ಏರ್ಪಡಿಸಿದರೆ ನಗರದ ಸುತ್ತಲಿನ ಗ್ರಾಮಗಳು ಒಂದೊಂದಾಗಿ ದಾಖಲೆಗೆ ಬಂದಾವು.

ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು 1972ರಿಂದ ಮೈಸೂರು ವಿಶ್ವವಿದ್ಯಾನಿಲಯವೇ ಹೊರತರಲು ತೊಡಗಿತು. ಅಷ್ಟು ದೊಡ್ಡ ಕಾರ್ಯವನ್ನು ಕೈಗೊಂಡ ಸಂಸ್ಥೆಗೆ ಇದು ಮೀರಿದ ಹೊರೆಯಲ್ಲ. ದಟ್ಟಗಳ್ಳಿಯ ಹೊಲಗಳನ್ನು ಈಗ ನಡೆದು ನೋಡುವುದು ಸಾಧ್ಯವಿಲ್ಲ. ಅಲ್ಲಿ ಏನಿತ್ತೆಂಬ ಪ್ರಶ್ನೆಯನ್ನು ಮನೆಗಳ ಅಡಿಪಾಯಗಳು ಮುಚ್ಚಿವೆ. ವರ್ತುಲ ರಸ್ತೆಯ ಆಚೆಗೆ ಇನ್ನೂ ಉಳುಮೆಯಾಗುವ ನೆಲವಿದೆ. ಅಲ್ಲಿಗೆ ಮುಂದಿನ ಬಡಾವಣೆಯ ನಕ್ಷೆ ತಲಪುವ ಮೊದಲು ನಮ್ಮ ವಿದ್ಯಾರ್ಥಿಗಳು ತಲಪಬೇಕು.